‘ಆತು’ ಎಂದ ವಿಶ್ವವಿದ್ಯಾಲಯ

ಬೆಳಿಗ್ಗೆ ಹೊಲಿಗೆ ಅಂಗಡಿಗೆ ಬೀಗ ಹಾಕಿ ಕುಮಟಾ ಬಸ್‌ಸ್ಟ್ಯಾಂಡಿಗೆ ಬಂದೆ. ತಮ್ಮನ ಮಗಳು ಸವಿತಾ ಕಾಗಾಲದಿಂದ ಮೊದಲ ಬಸ್ಸಿಗೇ ಬಂದು, ಇಸ್ತ್ರಿ ಹಾಕಿದ ಸೀರೆ ಮುದುಡದ ಹಾಗೆ ನಿಂತೇ ಕಾಯುತ್ತಿದ್ದಳು. ಭಟ್ಕಳದ ಶಾಲೆಯೊಂದರಲ್ಲಿ ಅವಳಿಗೆ ಕನ್ನಡ ಟೀಚರ್ ಕೆಲಸ ಸಿಕ್ಕಿತ್ತು, ಸೋಮವಾರ ಸೇರಬೇಕಿತ್ತು. ಅದಕ್ಕೆ ಮೊದಲು ಅವಳ ಬಿ.ಎಡ್. ಪದವಿಗೆ ಮಾನ್ಯತೆ ಇದೆ ಎಂದು ತೋರಿಸಬೇಕು. ತೋರಿಸದಿದ್ದರೆ ಕೆಲಸವೂ ಇಲ್ಲ, ಓದಿದ ಎರಡು ವರ್ಷವೂ ನೀರುಪಾಲು.

ಮಿಸಳ್ ತಿಂದು ಭಟ್ಕಳದ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಸೀಟು ಸಿಗುವುದೇ ದೊಡ್ಡ ಪುಣ್ಯ. ಮಳೆ ಮುಗಿದು ಸೆಕೆ ಶುರುವಾಗಿತ್ತು. ಅಗಲ ಮಾಡಲು ಅಗೆದ ಹೆದ್ದಾರಿಯ ಕೆಂಪು ಧೂಳು ಕಿಟಕಿಯಿಂದ ನುಗ್ಗುತ್ತಿತ್ತು. ಸವಿತಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಹೊನ್ನಾವರದಲ್ಲಿ ಇಳಿದು ಆಟೋದಲ್ಲಿ ಅವಳ ವಿಶ್ವವಿದ್ಯಾಲಯಕ್ಕೆ ಹೋದೆವು. ಸ್ವಾಮಿಯೊಬ್ಬರ ಭಕ್ತರು ಕಟ್ಟಿದ ಖಾಸಗಿ ಸಂಸ್ಥೆ ಅದು. ಊಟದ ಹಾಲ್‌ನಲ್ಲಿ ವೇದಪಾಠವಾಗಿ ಶುರುವಾಗಿ, ಆಮೇಲೆ ವಿದ್ಯಾಪೀಠವಾಗಿ, ಒಂದು ದೀಪಾವಳಿಯ ಹೊತ್ತಿಗೆ ಬೋರ್ಡಿನ ಮೇಲೆ ವಿಶ್ವವಿದ್ಯಾಲಯವೇ ಆಗಿಬಿಟ್ಟಿತ್ತು. ಸ್ವಂತವಾಗಿ ಪದವಿ ಕೊಡುವ ಅಧಿಕಾರ ಅದಕ್ಕಿರಲಿಲ್ಲ. ಘಟ್ಟದ ಮೇಲಿನ ದೊಡ್ಡದೊಂದು ಧಾರ್ಮಿಕ ವಿಶ್ವವಿದ್ಯಾಲಯದ ಅಫಿಲಿಯೇಶನ್ ಇದೆ, ಪದವಿ ಅಲ್ಲಿಂದಲೇ ಬರುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಬೋರ್ಡಿನಲ್ಲೂ ಹಾಗೆಯೇ ಬರೆದಿತ್ತು. ಆಫೀಸಿಗೆ ಮಾತ್ರ ಬೀಗ. ಏನು ಕೇಳುವುದಿದ್ದರೂ ಮುಟ್ಟಳ್ಳಿಯಲ್ಲಿರುವ ಕಾರ್ಯದರ್ಶಿಯನ್ನೇ ಕೇಳಿ ಎಂದು ವಾಚ್‌ಮನ್ ಹೇಳಿದ. ಸ್ವಾಮಿಗಳ ಫೋಟೋಕ್ಕೆ ಆ ದಿನದ ಮಲ್ಲಿಗೆ ಹಾರ ಹಾಕಿತ್ತು. ಹಾರ ಹಾಕಲು ಜನ ಇದ್ದಾರೆ, ಉತ್ತರ ಕೊಡಲು ಇಲ್ಲ ಎಂದು ನಾನು ಗೊಣಗಿದೆ.

ಮತ್ತೆ ಬಸ್ಸು. ಶರಾವತಿ ಸೇತುವೆ, ಮುರ್ಡೇಶ್ವರದ ತಿರುವು ದಾಟಿ ಭಟ್ಕಳಕ್ಕೆ ಬರುವಾಗ ಬಿಸಿಲು ನೆತ್ತಿಗೇರಿತ್ತು. ಮುಟ್ಟಳ್ಳಿಯ ಮನೆಯಂಗಳದಲ್ಲಿ ಕಾರ್ಯದರ್ಶಿ ಕೊಬ್ಬರಿ ಒಣಗಿಸುತ್ತಿದ್ದರು. ವಯಸ್ಸಾದ ಮನುಷ್ಯ. ಸಂಸ್ಥೆಗೆ ತಮ್ಮದೇ ಗದ್ದೆ ಬಿಟ್ಟುಕೊಟ್ಟವರಂತೆ. ಜಗಳ ಮಾಡಲೆಂದೇ ಹೋಗಿದ್ದೆ, ಅವರು ನಮಗೆ ಕುರ್ಚಿ ಹಾಕಿ ತಾವು ನಿಂತೇ ಇದ್ದರು. ಅಫಿಲಿಯೇಶನ್ ಎಲ್ಲಿದೆ ಎಂದು ಕೇಳಿದೆ.

“ಇಲ್ಲ ತಂಗಿ,” ಎಂದರು, ನನಗಲ್ಲ, ಸವಿತಾಗೆ. “ಘಟ್ಟದ ಮೇಲಿನ ಆಫೀಸಲ್ಲಿ ನಮ್ಮ ಬದಿಯವ್ರೇ ಒಬ್ರು ಇದ್ರು. ಫೋನ್ ಮಾಡಿ, ನಮ್ಮ ಅಫಿಲಿಯೇಶನ್ ಎಂತ ಆತು ಅಂತ ಕೇಳ್ದೆ. ‘ಆತು’ ಅಂದ್ರು. ನಾನು ಆತು ಅಂದ್ಕಂಡೆ.”

ಮರುದಿನವೇ ಬೋರ್ಡು ಬರೆಸಿದರಂತೆ. ನಮ್ಮ ಕಡೆ ‘ಆತು’ ಅಂದರೆ ಕೆಲಸ ಮುಗಿಯಿತು ಎಂದೂ ಹೌದು. ಸರಿ, ನೋಡೋಣ, ಈಗ ಫೋನ್ ಇಡು ಎಂದೂ ಹೌದು. ಆ ಪುಣ್ಯಾತ್ಮ ಫೋನ್ ಇಡಲು ಹೇಳಿದ್ದ. ವಿಷಯ ಇವರಿಗೆ ತಿಳಿದದ್ದು ಈ ವರ್ಷ. ತಿಳಿದ ಮೇಲೂ ಯಾರಿಗೂ ಹೇಳಲಿಲ್ಲ, ಸ್ವಾಮಿಗಳ ಹೆಸರು ಹಾಳಾಗುತ್ತದೆ ಎಂಬ ಹೆದರಿಕೆಗೆ. ಈಗಲಾದರೂ ಮಾಡಿಸಿ ಎಂದೆ. ಮುಂದೆ ಸಿಕ್ಕಿದರೂ ಓದಿ ಮುಗಿಸಿದವರಿಗೆ ಅದು ಅನ್ವಯಿಸುವುದಿಲ್ಲ ಎಂದರು. ಕೊಟ್ಟ ಎಳನೀರನ್ನು ನಾನು ಮುಟ್ಟಲಿಲ್ಲ. ಸವಿತಾ ಕುಡಿದು, ಲೋಟ ತೊಳೆದಿಟ್ಟು ಬಂದಳು.

ಶಾಲೆಗೆ ಹೋಗುವುದೇ ಬೇಡ ಎಂದೆ. ಕಾಯುತ್ತಿರುತ್ತಾರೆ, ಹೇಳಿಯೇ ಹೋಗೋಣ ಎಂದಳು. ಹೆಡ್‌ಮಿಸ್ ನವಾಯತ ಮುಸ್ಲಿಂ ಹೆಂಗಸು. ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಂದರ್ಶನದ ದಿನ ನೀನು ಪಾಠ ಮಾಡಿದ ಮಕ್ಕಳು ನಿನ್ನನ್ನು ಕೇಳುತ್ತಿದ್ದರು, ಆದರೆ ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ಏನು ಹೇಳಲಿ, ನನ್ನದೂ ಮಜಬೂರಿ, ಬೇರೆ ದಾರಿಯಿಲ್ಲ ಎಂದರು. ಗೇಟಿನವರೆಗೂ ಬಂದು ಕಳಿಸಿಕೊಟ್ಟರು.

ವಾಪಸು ಬರುವಾಗ ಬಸ್ಸು ಹೊನ್ನಾವರ ಬಿಟ್ಟ ಮೇಲೆ ಅವಳ ಫೋನ್ ರಿಂಗಾಯಿತು. ನನ್ನ ತಮ್ಮ ಮಂಜು, ಅವಳಪ್ಪ. ಜೋರಾಗಿ ಮಾತಾಡುವವನು, ನನಗೂ ಕೇಳುತ್ತಿತ್ತು.

“ಹೋದ ಕೆಲ್ಸ ಎಂತ ಆತು ಮಗಾ?”

ಅವಳು ಕಿಟಕಿಯ ಕಡೆ ತಿರುಗಿದಳು. “ಆತು ಅಪ್ಪಾ.”

“ಆತಂತೆ!” ಎಂದು ಅವನು ಯಾರಿಗೋ ಕೂಗುವುದು ಕೇಳಿಸಿತು. ನಾನು ಫೋನ್ ಕಸಿದುಕೊಳ್ಳಲು ಹೋದೆ. ಅಷ್ಟರಲ್ಲಿ ಅವಳು ಸ್ವಿಚ್ ಆಫ್ ಮಾಡಿ, ನನ್ನ ಕೈ ಹಿಡಿದುಕೊಂಡಳು. ಮುಗಿಯಿತು ಅಂತ ಹೇಳಿದೆ ಅತ್ತೆ, ಮತ್ತೆ ಹ್ಯಾಗೆ ಹೇಳ್ಲಿ ಎಂದಳು. ನನಗೆ ಅಳು ಬಂತು. ಕುಮಟಾದವರೆಗೂ ಆ ಕೈ ಬಿಡಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಮಂಜು ಒಗೆದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ಕಂಡಕ್ಟರನಿಗೂ ಒಂದು ಪೇಡೆ ಕೊಟ್ಟ. ಸವಿತಾ ಇಳಿಯುತ್ತಲೇ, ಟೀಚರಮ್ಮ ಬಂದಳು ಎಂದು ನಗುತ್ತ ಅವಳ ಬಾಯಿಗೂ ಒಂದು ಇಟ್ಟ. ಅವಳು ಅಪ್ಪನನ್ನೇ ನೋಡುತ್ತ ಅದನ್ನು ಪೂರ್ತಿ ನುಂಗಿದಳು, ಆಮೇಲೆ ನಿಜ ಹೇಳಿದಳು.