ಫೋಟೋ ತೊಳೆದ ಕ್ರಿಸ್‌ಮಸ್

ಡಿಸೆಂಬರ್ ಇಪ್ಪತ್ನಾಲ್ಕರ ಬೆಳಿಗ್ಗೆ ಏಳಕ್ಕೆ ಮಲೇಷ್ಯಾದ ಪೆಟಾಲಿಂಗ್ ಜಯಾದಿಂದ ಹೊರಟಾಗ ನನ್ನ ಕಾರಿನ ಡಿಕ್ಕಿಯಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಟ್ರೇ, ಆರುನೂರು ಬಟ್ಟೆ ಕ್ಲಿಪ್ಪು, ನಾಲ್ಕು ಉಂಡೆ ನೈಲಾನ್ ಹಗ್ಗ ಮತ್ತು ಮೆತ್ತನೆಯ ಕುಂಚಗಳ ಒಂದು ಕಟ್ಟು ಇದ್ದವು. ಪಕ್ಕದ ಸೀಟಿನಲ್ಲಿ ನಮ್ಮ ಮಾವ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎರಡು ಮಾಸ್ಕ್ ಒಂದರ ಮೇಲೊಂದು ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಕೂತಿದ್ದರು. ನನ್ನ ಗಂಡನಿಗೆ ಫ್ಯಾಕ್ಟರಿಯಲ್ಲಿ ರಜೆ ಇರಲಿಲ್ಲ. ಹಾಗಾಗಿ ಸೊಸೆ, ಮಾವ ಇಬ್ಬರೇ ಹೊರಟಿದ್ದೆವು.

ಅದಕ್ಕೆ ಹಿಂದಿನ ವಾರ ಎರಡು ದಿನ ಬಿಡದೆ ಸುರಿದ ಮಳೆಗೆ ಪಹಾಂಗ್ ಕಡೆಯ ಎಷ್ಟೋ ಊರುಗಳು ಮುಳುಗಿದ್ದವು. ನಾನು ಕೆಲಸ ಮಾಡುವುದು ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಚೇರಿಯಲ್ಲಿ. ಅಲ್ಲಿ ನನ್ನ ಪಕ್ಕದ ಮೇಜಿನ ಸೆಲ್ವಿಯ ತವರು ಮೆಂತಾಕಾಬ್ ಹತ್ತಿರ, ತಾಳೆ ತೋಟಗಳ ನಡುವಿನ ಒಂದು ಸಣ್ಣ ಊರು. ಅಲ್ಲಿಯ ಚರ್ಚಿನಿಂದ ಬೇಕಾದ ಸಾಮಾನುಗಳ ಪಟ್ಟಿ ಬಂದಿತ್ತು. ಅಕ್ಕಿ ಇಲ್ಲ, ಕಂಬಳಿ ಇಲ್ಲ. ಟ್ರೇ, ಕ್ಲಿಪ್ಪು, ಹಗ್ಗ. ಇದೇನು ವಿಚಿತ್ರ ಎಂದು ಕೇಳಿದೆ. ಚರ್ಚನ್ನು ನೋಡಿಕೊಳ್ಳುವ ಜಪಾನಿನ ಮಿಷನರಿ ಸಿಸ್ಟರ್ ಒಬ್ಬರು ಕೆಸರು ತುಂಬಿದ ಫೋಟೋಗಳನ್ನು ತೊಳೆದು ಒಣಗಿಸಿ ಜನರಿಗೆ ಹಿಂದಿರುಗಿಸುತ್ತಿದ್ದಾರೆ ಎಂದಳು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಮಾವ ರೊಟ್ಟಿ ಕೆಳಗಿಟ್ಟರು.

"ಯಾವ ಕಾಗದದ ಮ್ಯಾಲಿನ ಫೋಟೋನವಾ ಅವು?"

ಗದಗದಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು ಅವರು. ಅತ್ತೆ ತೀರಿಕೊಂಡ ಮೇಲೆ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು; ಬಂದ ಮರು ತಿಂಗಳೇ ಕೊರೊನಾದಿಂದಾಗಿ ವಿಮಾನಗಳು ನಿಂತವು. ಆಮೇಲೆ ಊರಿನಲ್ಲಿ ಎರಡನೆಯ ಅಲೆ ಎದ್ದಿತು, ಮಗ ಕಳಿಸಲಿಲ್ಲ. ಹತ್ತೊಂಬತ್ತನೆಯ ಮಹಡಿಯಲ್ಲಿ ಎರಡು ವರ್ಷ ಹತ್ತಿರ ಬಂತು. ಕಿಟಕಿಯಿಂದ ಹೆದ್ದಾರಿ ನೋಡುವುದು, ಟಿವಿಯಲ್ಲಿ ಕನ್ನಡ ವಾರ್ತೆ ಕೇಳುವುದು, ಇಷ್ಟೇ. ಮಾತು ದಿನದಿನಕ್ಕೂ ಕಡಿಮೆಯಾಗುತ್ತಿತ್ತು. ಆ ರಾತ್ರಿ ಮಾತ್ರ ಒಂದಾದ ಮೇಲೊಂದು ಪ್ರಶ್ನೆ. ಟ್ರೇಗಳನ್ನು ಕೊರಿಯರ್‌ನಲ್ಲಿ ಕಳಿಸೋಣವೆಂದರೆ ಅವರು ಒಪ್ಪಲಿಲ್ಲ. ತಾವೇ ಹೋಗಿ ನೋಡಬೇಕು ಎಂದರು.

ಗೊಂಬಾಕ್‌ನ ಟೋಲ್ ದಾಟಿದ ಮೇಲೆ ರಸ್ತೆ ಬೆಟ್ಟ ಹತ್ತುತ್ತದೆ. ಎರಡೂ ಕಡೆ ದಟ್ಟ ಕಾಡು, ಅಲ್ಲಲ್ಲಿ ಗುಡ್ಡ ಕುಸಿದು ಕೆಂಪು ಮಣ್ಣು ರಸ್ತೆಯಂಚಿಗೆ ಬಂದು ನಿಂತಿತ್ತು. ಬೆಂತೋಂಗ್ ಬಳಿ ತಮಿಳು ಮುಸ್ಲಿಮರು ನಡೆಸುವ ಒಂದು ಮಾಮಾಕ್ ಅಂಗಡಿಯಲ್ಲಿ ಕಾರು ನಿಲ್ಲಿಸಿ, ಬಾಗಿಲಲ್ಲಿ ಫೋನಿನಿಂದ ಸ್ಕ್ಯಾನ್ ಮಾಡಿ, ಲಸಿಕೆಯ ಪ್ರಮಾಣಪತ್ರ ತೋರಿಸಿ ಒಳಗೆ ಹೋದೆವು. ಪರೋಟದಂಥ ಎರಡು ರೊಟಿ ಚನಾಯ್, ಎರಡು ಚಹಾ. ಮಾವ ತಮ್ಮ ಚೀಲದಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದು, ಜೊತೆಗೆ ಬಂದ ಬೇಳೆ ಸಾರಿನ ಮೇಲೆ ಧಾರಾಳವಾಗಿ ಉದುರಿಸಿಕೊಂಡರು. ಅಂಗಡಿಯವನು ನೋಡಿ ನಕ್ಕ.

ಮೆಂತಾಕಾಬ್ ಬಿಟ್ಟು ಹನ್ನೆರಡು ಕಿಲೋಮೀಟರ್ ಒಳಗೆ ಹೋದಂತೆ ನೀರು ಏರಿದ್ದ ಗೆರೆ ಕಾಣತೊಡಗಿತು. ಮನೆಗಳ ಗೋಡೆಯ ಮೇಲೆ ಕಂದು ಬಣ್ಣದ ಗೆರೆ, ನನ್ನ ಎತ್ತರಕ್ಕಿಂತ ಮೇಲೆ. ಪ್ರತಿ ಮನೆಯೆದುರು ಹಾಸಿಗೆ, ಸೋಫಾ, ಫ್ರಿಜ್ಜು ರಾಶಿ ಬಿದ್ದಿದ್ದವು. ಬಿಸಿಲಿಗೆ ಒಣಗಿದ ಕೆಸರು ಹಪ್ಪಳದಂತೆ ಬಿರಿದಿತ್ತು. ವಾಸನೆಗೆ ಮಾವ ಮಾಸ್ಕನ್ನು ಒತ್ತಿ ಹಿಡಿದುಕೊಂಡರು.

ಚರ್ಚು ಎಂದರೆ ತಗಡಿನ ಸೂರಿನ ಒಂದು ಉದ್ದ ಕೋಣೆ, ಹಿಂದೆ ಸಿಸ್ಟರ್ ವಾಸದ ಇನ್ನೊಂದು ಕೋಣೆ, ಮುಂದೆ ಮಾವಿನ ಮರವಿದ್ದ ಅಂಗಳ. ಅಂಗಳದ ಉದ್ದಕ್ಕೂ ಹಗ್ಗ ಕಟ್ಟಿ ಫೋಟೋ ತೂಗುಹಾಕಿದ್ದರು. ಬಕೆಟ್ ಹಿಡಿದು ಎದುರು ಬಂದ ಹೆಂಗಸು ಗಿಡ್ಡಗೆ, ತೆಳ್ಳಗೆ, ಅರವತ್ತು ದಾಟಿದವರು. ಕಾಲಿಗೆ ರಬ್ಬರ್ ಬೂಟು, ಸೊಂಟಕ್ಕೆ ಟವೆಲ್. ಸೊಂಟ ಬಗ್ಗಿಸಿ ನಮಸ್ಕರಿಸಿ, ತಮ್ಮ ಹೆಸರು ಹರುಕೋ ಎಂದರು. ಮಾವ ನನ್ನ ಕಡೆ ತಿರುಗಿ, ಹರಿದದ್ದನ್ನು ಸರಿ ಮಾಡುವವಳಿಗೆ ಎಂಥ ಹೆಸರಿಟ್ಟಾರ ನೋಡವಾ ಎಂದು ಮೆಲ್ಲಗೆ ಹೇಳಿದರು.

ಹರುಕೋ ಸಿಸ್ಟರ್‌ಗೆ ಮಲಯ್ ಚೆನ್ನಾಗಿ ಬರುತ್ತಿತ್ತು, ತಮಿಳು ಸ್ವಲ್ಪ, ಇಂಗ್ಲಿಷ್ ಇನ್ನೂ ಸ್ವಲ್ಪ. ನನ್ನ ಬಜಾರಿನ ಮಲಯ್‌ಗೆ ಅಷ್ಟು ಸಾಕಾಯಿತು. ಸಿಸ್ಟರ್ ಎಂದರೂ ಸನ್ಯಾಸಿನಿಯಲ್ಲ, ಪ್ರೊಟೆಸ್ಟೆಂಟರು; ಜಪಾನಿನ ಈಶಾನ್ಯ ಕರಾವಳಿಯ ಒಂದು ಮೀನುಗಾರರ ಹಳ್ಳಿಯಲ್ಲಿ ಅವರ ಗಂಡ ಪಾದ್ರಿಯಾಗಿದ್ದರಂತೆ. ಇಡೀ ಸಭೆಗೆ ಹನ್ನೊಂದೇ ಜನ. ಸುನಾಮಿ ಬಂದು ಹಳ್ಳಿಯನ್ನು ಎಳೆದೊಯ್ದ ಮೇಲೆ ಕೆಸರಿನಲ್ಲಿ ಸಿಕ್ಕ ಫೋಟೋಗಳನ್ನು ಗಂಡ ಹೆಂಡತಿ ತೊಳೆಯತೊಡಗಿದರು. ಚರ್ಚಿನ ಹೊಸ್ತಿಲು ತುಳಿಯದವರೂ ತಮ್ಮವರ ಮುಖ ಹುಡುಕಿಕೊಂಡು ಬಂದರು. ಆ ವರ್ಷದ ಕ್ರಿಸ್‌ಮಸ್ ತಾತ್ಕಾಲಿಕ ಮನೆಗಳ ಸಾಲಿನಲ್ಲಿ, ಒಂದು ಸೀಮೆಎಣ್ಣೆಯ ಒಲೆ ಸುತ್ತ, ನೂರು ಜನರ ಜೊತೆ ಆಯಿತು ಎಂದರು. ಗಂಡ ತೀರಿಕೊಂಡ ಮೇಲೆ, ಐವತ್ತೆಂಟನೆಯ ವಯಸ್ಸಿನಲ್ಲಿ, ಇಲ್ಲಿನ ತೋಟದ ಮಕ್ಕಳಿಗೆ ಪಾಠ ಹೇಳಲು ಬಂದರು.

ಕತೆ ಹೇಳುತ್ತಲೇ ಅವರು ಒಂದು ಫೋಟೋ ತೊಳೆಯುತ್ತಿದ್ದರು. ನಮ್ಮ ಕಣ್ಣೆದುರೇ ಅದರೊಳಗಿನ ಮಗುವಿನ ಹಣೆ, ಕಣ್ಣು ಬಣ್ಣದ ಲೋಳೆಯಾಗಿ ಬೆರಳಿಗೆ ಬಂದವು. ಸಿಸ್ಟರ್ ಕೈ ನಿಲ್ಲಿಸಿದರು. ಜಪಾನಿನಲ್ಲಿ ಹೀಗಾಗುತ್ತಿರಲಿಲ್ಲ, ಇಲ್ಲಿ ಅರ್ಧಕ್ಕರ್ಧ ಕೈಯಲ್ಲೇ ಹೋಗುತ್ತಿವೆ, ನಾನೇನು ತಪ್ಪು ಮಾಡುತ್ತಿದ್ದೇನೋ ತಿಳಿಯದು ಎಂದರು. ಅವರ ದನಿ ಅಳುವಿನ ಅಂಚಿನಲ್ಲಿತ್ತು.

ಮಾವ ಟ್ರೇಯೊಳಗೆ ಬೆರಳು ಅದ್ದಿ ನೋಡಿದರು.

"ನೀರು ಬೆಚ್ಚಗ ಐತಿ. ಅವರ ಊರಾಗ ಆವಾಗ ಥಂಡಿ ಇದ್ದಿರಬೇಕು. ಈ ಸೆಕಿಗೆ ಫೋಟೋದ ಮ್ಯಾಲಿನ ಪದರ ಕರಗೂದ. ಬರ್ಫ ಬೇಕು, ಪಟಕ ಬೇಕು ಅಂತ ಹೇಳವಾ."

ಪಟಕ ಅಂದರೆ ಪಟಿಕ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಬಿಳಿ ಹರಳು. ಗದಗದ ಬೇಸಿಗೆಯಲ್ಲಿ ಕರೆಂಟಿಲ್ಲದ ಡಾರ್ಕ್‌ರೂಮಿನಲ್ಲಿ ಬರ್ಫದ ನೀರಿಗೆ ಪಟಿಕ ಹಾಕಿ ಆ ಪದರವನ್ನು ಬಿಗಿಗೊಳಿಸುತ್ತಿದ್ದರಂತೆ. ಮಲಯ್‌ನಲ್ಲಿ ಅದಕ್ಕೆ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಮೆಂತಾಕಾಬ್‌ಗೆ ಹಿಂದಿರುಗಿ, ಒಂದು ತಮಿಳರ ಕಿರಾಣಿ ಅಂಗಡಿಯಲ್ಲಿ ಕೆನ್ನೆ ಉಜ್ಜಿ ತೋರಿಸಿದೆ. ಅಂಗಡಿಯಾಕೆ "ಪಡಿಕಾರಂ" ಎಂದು ಮೇಲಿನ ಕಪಾಟಿನಿಂದ ಪೊಟ್ಟಣ ಇಳಿಸಿದಳು. ಇದ್ದಷ್ಟನ್ನೂ ಕೊಂಡೆ. ಮೀನಿನ ಮಾರುಕಟ್ಟೆಯಿಂದ ನಾಲ್ಕು ಚೀಲ ಮಂಜುಗಡ್ಡೆ.

ಮಧ್ಯಾಹ್ನ ಮೂರರ ಹೊತ್ತಿಗೆ ಮಾವ ಪ್ಯಾಂಟು ಮಡಚಿ, ಸ್ಟೂಲಿನ ಮೇಲೆ ಕೂತು ಕೆಲಸಕ್ಕೆ ತೊಡಗಿದ್ದರು. ಮೊದಲ ಟ್ರೇಯಲ್ಲಿ ತಣ್ಣೀರು, ಎರಡನೆಯದರಲ್ಲಿ ಪಟಿಕ, ಮೂರನೆಯದರಲ್ಲಿ ಮತ್ತೆ ತಣ್ಣೀರು. ಹರುಕೋ ಸಿಸ್ಟರ್ ಎದುರು ಕೂತು ಅವರ ಕೈಯನ್ನೇ ನೋಡುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಬಾರದು. ಮಾವ ಕನ್ನಡದಲ್ಲೇ "ಹಾಂ, ಹಂಗ, ಸಾವಕಾಶ" ಎನ್ನುವರು. ಸಿಸ್ಟರ್ ಜಪಾನಿಯಲ್ಲಿ ಹೌದೆನ್ನಲು "ಹಾಯ್, ಹಾಯ್" ಎಂದು ತಲೆಯಾಡಿಸುವರು. ಬಾರಿಬಾರಿಗೂ ನಾನು ನಡುವೆ ಬಾಯಿ ಹಾಕಬೇಕಾಗಲಿಲ್ಲ. ಸಂಜೆಯೊಳಗೆ ಎಪ್ಪತ್ತಕ್ಕೂ ಹೆಚ್ಚು ಫೋಟೋ ಹಗ್ಗಕ್ಕೇರಿದವು. ಹಾಳಾದವು ನಾಲ್ಕೈದು ಮಾತ್ರ.

ರಾತ್ರಿ ಮೆಂತಾಕಾಬ್‌ನ ಒಂದು ಸಾಧಾರಣ ಹೋಟೆಲಿನಲ್ಲಿ ತಂಗಿದೆವು. ಬೆಳಿಗ್ಗೆ ಎಂಟೂವರೆಗೆ ಮತ್ತೆ ಅಂಗಳದಲ್ಲಿದ್ದೆವು. ಕೋಣೆಯಲ್ಲಿ ಇನ್ನೂ ಕೆಸರಿದ್ದುದರಿಂದ ಕ್ರಿಸ್‌ಮಸ್ ಪ್ರಾರ್ಥನೆಗೆ ಹೊರಗೇ ದೂರದೂರ ಕುರ್ಚಿ ಹಾಕಿದ್ದರು. ಇಪ್ಪತ್ತೈದು ಜನ ಸೇರಿದ್ದರು, ಹೆಚ್ಚಿನವರು ತೋಟದ ತಮಿಳರು. ಎಲ್ಲರಿಗಿಂತ ಹಿಂದೆ, ಮರದ ಕೆಳಗೆ, ಹಣೆಗೆ ವಿಭೂತಿ ಹಚ್ಚಿದ ಒಬ್ಬ ಮುದುಕಿ ಬಟ್ಟೆ ಸುತ್ತಿದ ಚೌಕಟ್ಟನ್ನು ಎದೆಗೊತ್ತಿ ಕೂತಿದ್ದರು.

ಅವರು ಲೆಚ್ಚುಮಿ ಪಾಟಿ, ಅಂದರೆ ಅಜ್ಜಿ, ಮೊದಲು ರಬ್ಬರ್ ಹಾಲು ತೆಗೆಯುತ್ತಿದ್ದವರು ಎಂದು ಸಿಸ್ಟರ್ ಹೇಳಿದರು. ಗಂಡ ಮುನಿಯಾಂಡಿ ಅದೇ ವರ್ಷ ಕೊರೊನಾದಲ್ಲಿ ತೀರಿಕೊಂಡಿದ್ದರು. ಆಸ್ಪತ್ರೆಗೆ ಕರೆದೊಯ್ದ ಮೇಲೆ ಮುಖ ನೋಡಲು ಆಗಿರಲಿಲ್ಲ. ಉಳಿದದ್ದು ಮದುವೆಯ ಒಂದೇ ಫೋಟೋ. ಅದು ಮುಳುಗಿ ಗಾಜಿಗೆ ಅಂಟಿತ್ತು. ಬೇರೆಯವರ ಫೋಟೋ ಕರಗುವುದನ್ನು ನೋಡಿದ್ದ ಪಾಟಿ ದಿನಾ ಬಂದು ಕೂರುವರು, ಚೌಕಟ್ಟನ್ನು ಮಾತ್ರ ಯಾರ ಕೈಗೂ ಕೊಡರು.

ಪ್ರಾರ್ಥನೆ ಮುಗಿದ ಮೇಲೆ ಮಾವ ಅವರ ಬಳಿ ಹೋಗಿ ನೆಲದ ಮೇಲೇ ಕೂತರು. ಬಟ್ಟೆ ಸರಿಸಿ ತೋರಿಸುವಂತೆ ನಾನು ಕಚೇರಿಯಲ್ಲಿ ಕಲಿತ ತಮಿಳಿನಲ್ಲಿ ಕೇಳಿಕೊಂಡೆ. ಪಾಟಿ ಸ್ವಲ್ಪ ಸರಿಸಿದರು. ಮಾವ ಮುಟ್ಟಲಿಲ್ಲ, ಬಗ್ಗಿ ಬಹಳ ಹೊತ್ತು ನೋಡಿದರು. ಕಪ್ಪುಬಿಳುಪು, ಕೈಯಿಂದ ಬಣ್ಣ ಹಚ್ಚಿದ್ದು, ಒಳ್ಳೆಯ ಸ್ಟುಡಿಯೋದ ಕೆಲಸ ಎಂದರು. ಬಿಡಿಸಿಬಿಡುತ್ತಾರೆ ಎಂದು ನಾನು ಪಾಟಿಗೆ ಹೇಳಹೊರಟಾಗ ತಡೆದರು.

"ಪೂರಾ ಬರ್ತೈತಿ ಅಂತ ಹೇಳಬ್ಯಾಡವಾ. ಒಂದು ಕಡೆಯಿಂದ ಶುರು ಮಾಡಬೇಕು. ಶುರು ಮಾಡಿದ ಕಡೆ ಹೋದರೂ ಹೋಗಬಹುದು. ಯಾವ ಕಡೆಯಿಂದ ತಗೀಲಿ, ಅವರನ್ನ ಕೇಳು."

ಕೇಳಿದೆ. ಪಾಟಿ ಗಾಜಿನ ಮೇಲೆ ಬೆರಳಿಟ್ಟರು, ಮದುಮಗಳ ಮೇಲೆ.

"ನನ್ನ ಕಡೆಯಿಂದ ತೆಗೆಯಲಿ. ನನ್ನ ಮುಖ ನನ್ನ ಹತ್ತಿರವೇ ಇದೆಯಲ್ಲ" ಎಂದರು.

ಅದನ್ನು ಕನ್ನಡದಲ್ಲಿ ಹೇಳಿದಾಗ ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಪಾಟಿ ಚೌಕಟ್ಟನ್ನು ಅವರ ಕೈಗಿಟ್ಟರು.

ಗಾಜಿನ ಸಮೇತ ಅದನ್ನು ಬರ್ಫದ ನೀರಿನಲ್ಲಿ ಎರಡು ಗಂಟೆ ಮುಳುಗಿಸಿಟ್ಟರು. ಆ ಹೊತ್ತಿಗೆ ಹಬ್ಬದೂಟ ಬಂತು. ಸೆಲ್ವಿಯ ತಾಯಿ ಮಾಡಿದ, ಒತ್ತು ಶಾವಿಗೆಯಂಥ ಇಡಿಯಪ್ಪಂ, ಕೋಳಿ ಸಾರು. ಸಿಸ್ಟರ್ ಮಾಡಿದ, ಮೂಲಂಗಿ, ಗಜ್ಜರಿ ಹಾಕಿದ ಸೋಯಾ ಸಾರು. ಮಾವ ಲಿಂಗಾಯತರು, ಮೀನು ಮಾಂಸ ಮುಟ್ಟುವುದಿಲ್ಲ ಎಂದು ಹಿಂದಿನ ದಿನ ನಾನು ಹೇಳಿದ್ದೆ. ಅವರಿಗೆಂದು ಬೇರೆ ಪಾತ್ರೆಯಲ್ಲಿ ಬರೀ ತರಕಾರಿಯದನ್ನು ಮಾಡಿದ್ದರು. ಮಾವ ತಿಂದರು, ಆದರೆ ಕಣ್ಣು ಟ್ರೇಯ ಕಡೆಗೇ ಇತ್ತು.

ಆಮೇಲೆ ಫೈಲಿನ ತೆಳು ಪ್ಲಾಸ್ಟಿಕ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ, ಮದುಮಗಳಿದ್ದ ಅಂಚಿನಿಂದ ಗಾಜಿಗೂ ಫೋಟೋಗೂ ನಡುವೆ ತೂರಿಸಿದರು. ಕೂದಲೆಳೆಯಷ್ಟು ಒಳಗೆ ಹೋಗುವುದು, ನಿಲ್ಲಿಸುವುದು, ನೀರು ಬಿಡುವುದು. ಸಿಸ್ಟರ್ ಎರಡೂ ಕೈಯಿಂದ ಗಾಜು ಹಿಡಿದಿದ್ದರು. ಮಂಜಿನ ನೀರಿಗೆ ಅವರ ಬೆರಳು ಕೆಂಪಾದರೂ ಅಲುಗಲಿಲ್ಲ. ಮದುಮಗಳ ಮುಖ ಗಾಜಿನ ಮೇಲೇ ಉಳಿಯಿತು. ಕಾಗದದಲ್ಲಿ ಬಿಳಿ ಕಲೆ. ಪಾಟಿ ಬಗ್ಗಿ ನೋಡಿ, ಮುಂದಕ್ಕೆ ತೆಗೆಯಿರಿ ಎಂದು ಕೈ ಮಾಡಿದರು. ಹಾರ ಬಂತು, ಬಳೆ ತೊಟ್ಟ ಕೈ ಬಂತು. ಆಮೇಲೆ ಮದುಮಗನ ಭುಜ, ಕೋಟಿನ ಕಾಲರು. ಮೂರೂಕಾಲರ ಹೊತ್ತಿಗೆ ಫೋಟೋ ಪೂರಾ ಬಿಟ್ಟುಕೊಂಡಿತು. ಪಟಿಕದ ನೀರಿನಲ್ಲಿ ಆಡಿಸಿ ಮಾವ ಅದನ್ನು ಎತ್ತಿ ಹಿಡಿದರು. ದಪ್ಪ ಮೀಸೆಯ, ಫೋಟೋಗೆ ಹೆದರಿ ಕಣ್ಣರಳಿಸಿದ ಒಬ್ಬ ಯುವಕ ಎಲ್ಲರನ್ನೂ ನೋಡುತ್ತಿದ್ದ.

ಪಾಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆ ದಿನ ಅವರಿಗೆ ತುಂಬಾ ಹಸಿವಾಗಿತ್ತಂತೆ, ಅದಕ್ಕೇ ಹಾಗೆ ನೋಡುತ್ತಿದ್ದಾರೆ ಎಂದರು. ಆಮೇಲೆ ಅತ್ತರು. ಸಿಸ್ಟರ್ ಅವರ ಪಕ್ಕ ಕೂತು, ತಣ್ಣಗಾದ ತಮ್ಮ ಕೈಗಳನ್ನು ಅವರ ಕೈಯೊಳಗಿಟ್ಟರು.

ನಾಲ್ಕೂವರೆಗೆ ಹೊರಡಲು ನಿಂತೆವು. ಇನ್ನೂ ಮೂರು ಗೋಣಿಚೀಲ ಆಲ್ಬಂ ಉಳಿದಿದ್ದವು. ಎಲ್ಲವನ್ನೂ ಬರೆದುಕೊಡಿ ಎಂದರು ಸಿಸ್ಟರ್. ಮಾವ ಕನ್ನಡದಲ್ಲಿ ಬರೆದರು: ಒಂದು ಬಕೆಟ್ಟಿಗೆ ಪಟಿಕ ಎಷ್ಟು, ಎಷ್ಟು ನಿಮಿಷ, ಬಣ್ಣದ್ದಕ್ಕೆ ಹೇಗೆ, ಕಪ್ಪುಬಿಳುಪಿಗೆ ಹೇಗೆ. ನಾನು ಓದಿ ಮಲಯ್‌ನಲ್ಲಿ ಹೇಳುತ್ತಾ ಹೋದೆ. ಪ್ರತಿ ಸಾಲಿನ ಕೆಳಗೆ ಸಿಸ್ಟರ್ ಜಪಾನಿ ಅಕ್ಷರದಲ್ಲಿ ಬರೆದುಕೊಂಡು, ಹಾಳೆಯನ್ನು ಕ್ಲಿಪ್ಪು ಹಾಕಿ ಹಗ್ಗಕ್ಕೇ ತೂಗುಬಿಟ್ಟರು.

ಎರಡು ಕಿಲೋಮೀಟರ್ ಬಂದಿರಬೇಕು, ಮಾವ ಕಾರು ನಿಲ್ಲಿಸು ಎಂದರು. ಒಂದು ಸಾಲು ಬಿಟ್ಟುಹೋಗಿದೆಯಂತೆ. ಸಂಜೆಗೆ ಫೋನ್ ಮಾಡಿ ಹೇಳೋಣವೆಂದರೆ ಕೇಳಲಿಲ್ಲ. ತಾಳೆ ತೋಟದ ಕಿರುದಾರಿಯಲ್ಲಿ ಕಾರು ತಿರುಗಿಸಿದೆ. ಸಿಸ್ಟರ್ ಬೆರಗಾಗಿ ಎದ್ದು ನಿಂತರು. ಮಾವ ಇಳಿದು, ನೆಟ್ಟಗೆ ಹಗ್ಗದ ಬಳಿ ಹೋಗಿ, ಜೇಬಿನ ಪೆನ್ನು ತೆಗೆದು ಹಾಳೆಯ ಕೊನೆಯಲ್ಲಿ ಬರೆದರು: "ಅವಸರ ಮಾಡಬಾರದು."

ಏನೆಂದು ಸಿಸ್ಟರ್ ಕೇಳಿದರು. ಹೇಳಿದೆ. ಅವರು ನಕ್ಕು, ಮಾವನ ಕೈಯಿಂದ ಪೆನ್ನು ತೆಗೆದುಕೊಂಡು ಆ ಮಾತನ್ನು ತಮ್ಮ ಅಕ್ಷರದಲ್ಲಿ ಹಾಳೆಯ ಎಲ್ಲಕ್ಕಿಂತ ಮೇಲೆ ಬರೆದರು.