ನರ್ಸಮ್ಮನ ಗೋಣಿಸೊಪ್ಪು

ಮೂರನೇ ಮಹಡಿಯ ನಿವೃತ್ತ ನರ್ಸಮ್ಮನ ಬಾಲ್ಕನಿಯ ತುಂಬ ಗೋಣಿಸೊಪ್ಪು. ಇಟ್ಟಿಗೆಯ ಸಂದಿಯಲ್ಲೂ ತಾನಾಗಿ ಹಬ್ಬುವ, ಊರೆಲ್ಲ ಕಳೆಯೆಂದು ಕಿತ್ತೆಸೆಯುವ, ದಪ್ಪ ಎಲೆಯ ಹುಳಿ ಸೊಪ್ಪು. ಒಡೆದ ಬಕೆಟ್ಟು, ತೂತು ಬೇಸಿನ್ನು ಸೇರಿ ಹನ್ನೊಂದು ಕುಂಡಗಳಿಗೂ ನಂಬರು ಬರೆದಿದ್ದಾರೆ. ಬೆಳಿಗ್ಗೆ ಆರಕ್ಕೆ ರೌಂಡ್ಸು: ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮಣ್ಣಿಗೆ ಬೆರಳು ಚುಚ್ಚಿ, "ಏಳನೇ ನಂಬರಿಗೆ ಇವತ್ತು ನೀರು ಬೇಡ" ಎಂದು ತಮಗೆ ತಾವೇ ಆರ್ಡರ್ ಮಾಡಿಕೊಳ್ಳುತ್ತಾರೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಬಾಲ್ಕನಿಗೆ ಯಾರೂ ಕಾಲಿಡುವಂತಿಲ್ಲ, ಗಿಡಗಳಿಗೆ ಅದು ವಿಶ್ರಾಂತಿಯ ಹೊತ್ತು. ಸ್ವಂತ ತಮ್ಮ ಬಂದರೂ ಮೊದಲ ಮಾತು, "ಕೈ ತೊಳ್ಕೊಂಡ್ಯೇನೋ?" ಎಲೆಯ ಮೇಲೆ ಒಂದು ಹುಳ ಕಂಡರೆ ಸಾಕು, ಆ ಕುಂಡವನ್ನು ಬಚ್ಚಲಿನ ಕಿಟಕಿಯಲ್ಲಿ ಬೇರೆ ಇಟ್ಟು, ಹೋಗಿಬಂದು ಧೈರ್ಯ ಹೇಳುತ್ತಾರೆ. ಪಕ್ಕದ ಮನೆಯ ಟೈಲರ್ ಒಂದು ದಿನ ನಗು ತಡೆಯಲಾರದೆ ಕೇಳಿಯೇ ಬಿಟ್ಟ: "ಅಲ್ಲಮ್ಮಾ, ತುಳಿದ್ರೂ ಸಾಯದ ಗಿಡ ಇದು. ಇದಕ್ಕೆ ಯಾಕಿಷ್ಟು ಆರೈಕೆ?" ಬೈಗುಳಕ್ಕೆ ಸಿದ್ಧನಾಗಿಯೇ ನಿಂತಿದ್ದ. ನರ್ಸಮ್ಮ ಬೈಯಲಿಲ್ಲ. "ಮೂವತ್ತೊಂದು ವರ್ಷ ನಾನಿದ್ದ ವಾರ್ಡಿಂದ ಮನೆಗೆ ನಡ್ಕೊಂಡು ಹೋದೋರು ತುಂಬಾ ಕಡಿಮೆ ಕಣಪ್ಪಾ. ಏನು ಮಾಡಿದ್ರೂ ಉಳೀತಿರ್ಲಿಲ್ಲ. ಉಳಿಯೋ ಅಂಥದ್ದಕ್ಕೂ ಒಂದ್ಸಲ ಆರೈಕೆ ಮಾಡಿ ನೋಡೋಣ ಅನ್ನಿಸ್ತು." ಅವರು ಎಳೆ ಕುಡಿಗಳನ್ನು ಕತ್ತರಿಸಿ, ಪೇಪರಿನಲ್ಲಿ ಸುತ್ತಿ ಅವನ ಕೈಗಿತ್ತರು: "ಎಲೆ ಬೇಯಿಸ್ಕೋ. ದಂಟು ಎಸೀಬೇಡ, ಮಣ್ಣಿಗೆ ಚುಚ್ಚು, ಚಿಗುರುತ್ತೆ." ಬಾಗಿಲವರೆಗೆ ಹೋದ ಟೈಲರ್ ಅಲ್ಲಿಂದಲೇ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದ: "ನೀರು ದಿನಾ ಹಾಕ್ಬೇಕಾ ಅಮ್ಮಾ?"