ರೇವಣಸಿದ್ದನ ರೂಮಿಗೆ ಕಪಿಲೆ ಬಂದದ್ದು

ಬಾಗಲಕೋಟೆ ಕಡೆಯಿಂದ ಬೆಂಗಳೂರಿಗೆ ಬಂದ ರೇವಣಸಿದ್ದ ಇಲ್ಲಿ ಎರಡು ವಿದ್ಯೆ ಕಲಿತಿದ್ದ. ವಾರವಿಡೀ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಕಬ್ಬಿಣದ ಕಪಾಟುಗಳಿಗೆ ಬಣ್ಣ ಹೊಡೆಯುವುದು ಒಂದು. ಭಾನುವಾರ ಗುರುತು ಪರಿಚಯ ಇಲ್ಲದವರ ಮನೆಯಲ್ಲಿ ನೆಂಟರಿಗಿಂತ ಮೊದಲು ಊಟಕ್ಕೆ ಕೂರುವುದು ಇನ್ನೊಂದು. ಎರಡನೆಯದರಲ್ಲಿ ಅವನು ಹೆಚ್ಚು ಪಳಗಿದ್ದ. ಅದನ್ನು ಕಲಿಸಿದ ಗುರು ಕಪಿಲೆ ಎಂಬ ಹಸು.

ಕಪಿಲೆ ಹೆಗ್ಗನಹಳ್ಳಿಯ ಅಕ್ಕಯ್ಯಮ್ಮನವರದು. ಹೆಗ್ಗನಹಳ್ಳಿ ನಿಜವಾಗಿ ಹಳ್ಳಿಯಾಗಿದ್ದಾಗ ಅಲ್ಲಿಗೆ ಸೊಸೆಯಾಗಿ ಬಂದವರು ಅವರು. ಈಗ ರಾಗಿ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳ ಮೇಲೆ ಮೂರು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿದ್ದವು. ನಡುವೆ ಅಕ್ಕಯ್ಯಮ್ಮನವರ ಹಂಚಿನ ಮನೆ, ಮನೆಗೆ ಅಂಟಿಕೊಂಡ ಕೊಟ್ಟಿಗೆ ಮಾತ್ರ ಜಾಗ ಬಿಡದೆ ಕೂತಿದ್ದವು. ಗಂಡ ತೀರಿಕೊಂಡಿದ್ದರು, ಮಗಳು ಮಾಗಡಿಯಲ್ಲಿದ್ದಳು. ಉಳಿದದ್ದು ಎರಡು ಹಸು. ಕಪ್ಪು ಬಿಳುಪಿನ ಸೀಮೆಹಸು ರಾಣಿ, ಆಗ ತುಂಬಿದ ಗಬ್ಬ. ಇನ್ನೊಂದು ಕೆಂದು ಬಣ್ಣದ ನಾಟಿ ಹಸು ಕಪಿಲೆ.

ಹಾಲಿನಲ್ಲಿ ಕಪಿಲೆ ಹೇಳಿಕೊಳ್ಳುವಂಥವಳಲ್ಲ. ಅವಳ ಹೆಸರಿದ್ದದ್ದು ಗೃಹಪ್ರವೇಶಗಳಲ್ಲಿ. ನಾಗರಬಾವಿಯ ಬಡಾವಣೆಗಳಲ್ಲಿ ಆಗ ವಾರಕ್ಕೊಂದು ಮನೆ ಏಳುತ್ತಿತ್ತು, ಪ್ರತಿ ಮನೆಗೂ ಮೊದಲು ಒಳಗೆ ಕಾಲಿಡಲು ಒಂದು ಹಸು ಬೇಕಿತ್ತು. ಬೇರೆ ಹಸುಗಳು ಪಾಲಿಶ್ ಮಾಡಿದ ಕಲ್ಲಿನ ಮೇಲೆ ಜಾರಿ, ಬೆದರಿ, ಹೂವಿನ ಅಲಂಕಾರಕ್ಕೆ ಕೊಂಬು ಸಿಕ್ಕಿಸಿಕೊಂಡು ಗಲಾಟೆ ಎಬ್ಬಿಸುತ್ತಿದ್ದವು. ಕಪಿಲೆ ಹಾಗಲ್ಲ. ಸೈಟು ಕೊಂಡವಳೇ ತಾನು ಎಂಬ ಗತ್ತಿನಲ್ಲಿ ಒಳಗೆ ನಡೆದು, ದೇವರ ಕೋಣೆಯ ಮುಂದೆ ನಿಂತು, ಶುಭವೆಂದು ಎಲ್ಲರೂ ಕಾಯುತ್ತಿದ್ದ ಸಗಣಿಯನ್ನು ಮಂತ್ರ ಮುಗಿಯುವ ಮೊದಲೇ ಹಾಕಿ, ಬಾಳೆಹಣ್ಣು ತಿಂದು ಹೊರಡುತ್ತಿದ್ದಳು. ಹಗ್ಗ ಹಿಡಿದು ಹೋಗುತ್ತಿದ್ದವನು ರೇವಣಸಿದ್ದ. ಅವನ ಸಂಭಾವನೆ ಒಂದು ಟವೆಲ್ಲು, ಮೊದಲ ಪಂಕ್ತಿಯಲ್ಲಿ ಒಂದು ಎಲೆ. ಅವನ ರೂಮಿನಲ್ಲಿ ಬಟ್ಟೆಗಿಂತ ಟವೆಲ್ಲುಗಳೇ ಹೆಚ್ಚಿದ್ದವು.

ಆ ರೂಮೂ ಅಕ್ಕಯ್ಯಮ್ಮನವರದೇ. ಹಿತ್ತಲಿನ ಗೋಡೆಯಾಚೆ, ಹಿಂದಿನ ಬೀದಿಗೆ ಬಾಗಿಲಿದ್ದ ಶೀಟಿನ ರೂಮು. ಆ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ಊರಿಗೆಲ್ಲ ಚಿಕುನ್‌ಗುನ್ಯಾ ಬಂದಾಗ ಅವನಿಗೂ ಬಂತು. ಕೀಲು ಕೀಲು ಹಿಡಿದು, ಲೋಟ ಎತ್ತಲಾಗದೆ ಮಲಗಿದ್ದವನಿಗೆ ಅಕ್ಕಯ್ಯಮ್ಮ ರಾಗಿ ಗಂಜಿ ಕಾಸಿ ತಂದು ಕುಡಿಸಿದ್ದರು.

"ಅವ್ವಾ, ನಾ ಹೇಳದ ಕೇಳದ ನೀವ ಇಷ್ಟ ಮಾಡೂದು..." ಎಂದು ಅವನು ಬೆಂಗಳೂರು ಮಾತು ಮರೆತು ತನ್ನೂರ ಮಾತಿಗೆ ಜಾರಿ ಕಣ್ಣು ತುಂಬಿಕೊಂಡರೆ, "ಬಾಯ್ಮುಚ್ಕೊಂಡು ಕುಡಿ. ಹಸೂನೇ ವಾಸಿ, ಕೊಟ್ಟಿದ್ದನ್ನ ಮಾತಾಡ್ದೆ ಕುಡೀತದೆ" ಎಂದು ಗದರಿದ್ದರು.

ಕಾರ್ತೀಕದಲ್ಲಿ ನಾಗರಬಾವಿಯಿಂದ ಒಂದು ದೊಡ್ಡ ಕರೆ ಬಂತು. ಅಣ್ಣತಮ್ಮಂದಿರಿಬ್ಬರು ಅಕ್ಕಪಕ್ಕದಲ್ಲಿ ಮನೆ ಕಟ್ಟಿ, ಒಂದೇ ಮುಹೂರ್ತ ಇಟ್ಟುಕೊಂಡಿದ್ದರು. ಅಣ್ಣನ ಮನೆಗೆ ಕಪಿಲೆ. ತಮ್ಮ ಬೇರೆ ಕಡೆಯಿಂದ ಇನ್ನೊಂದು ಹಸು ಗೊತ್ತು ಮಾಡಿದ್ದ. ಪೂಜೆಯಾದ ಮೇಲೆ ಎರಡಕ್ಕೂ ಒಂದೇ ಬಾಂಡ್ಲಿಯಲ್ಲಿ ಅಕ್ಕಿ, ಬೆಲ್ಲ, ಬಾಳೆಹಣ್ಣು ಇಟ್ಟರು. ರೇವಣಸಿದ್ದ ಹೋಳಿಗೆ ಊಟ ಹೊಡೆದು, ಮಧ್ಯಾಹ್ನ ಕಪಿಲೆಯನ್ನು ಕೊಟ್ಟಿಗೆಗೆ ಕರೆತಂದ. ರಾಣಿಯಿಂದ ನಾಲ್ಕು ಮಾರು ದೂರದ ಗೂಟಕ್ಕೆ ಅವಳನ್ನು ಕಟ್ಟುತ್ತ ಅಕ್ಕಯ್ಯಮ್ಮನವರಿಗೆ ವರದಿ ಒಪ್ಪಿಸಿದ.

"ಅಮ್ಮಾ, ಆ ಇನ್ನೊಂದ್ ಹಸು ನನ್ಗಿಂತ ಹೊಟ್ಟೆಬಾಕ. ಹೋಳಿಗೆ ವಾಸನೆಗೆ ನನ್ ಬಾಯಲ್ಲೇ ನೀರು ಬರ್ತಿತ್ತು. ಅದರ ಬಾಯಿಂದ ನೆಲದವರ್ಗೂ ಜೊಲ್ಲು! ಓಲಗಕ್ಕೆ ಸರಿಯಾಗಿ ಕಾಲ್ ಬೇರೆ ಜಾಡಿಸ್ತಿತ್ತು, ಡ್ಯಾನ್ಸು!"

ನಗುತ್ತಿದ್ದ ಅಕ್ಕಯ್ಯಮ್ಮ ನಗು ನಿಲ್ಲಿಸಿದರು.

"ಜೊಲ್ಲು ನೊರೆನೊರೆಯಾಗಿತ್ತಾ?"

"ಹೂಂ."

"ಇವಳೂ ಅದೂ ಒಂದೇ ಕಡೆ ಬಾಯಿಟ್ವಾ?"

"ಹೂಂ."

"ಬಿಚ್ಚು ಹಗ್ಗ! ಕಾಲುಬಾಯಿ ರೋಗ ಕಣೋ ಅದು. ರಾಣಿಗೆ ತಗುಲ್ತು ಅಂದ್ರೆ ಹೊಟ್ಟೇಲಿರೋ ಕರು ಉಳಿಯಲ್ಲ. ನಡಿ, ಹೊರಗೆ ನಡಿ!"

ರೇವಣಸಿದ್ದ ಆಗಷ್ಟೇ ಹಾಕಿದ ಗಂಟು ಬಿಚ್ಚಿ ಕಪಿಲೆಯನ್ನು ಹೊರಗೆಳೆದ. ಕಳೆದ ಸಲ ಸರ್ಕಾರಿ ಆಸ್ಪತ್ರೆಯವರು ಲಸಿಕೆ ಹಾಕಲು ಬಂದ ದಿನ ಕಪಿಲೆ ಬಸವೇಶ್ವರನಗರದ ಒಂದು ಮನೆಯಲ್ಲಿ ಬಾಳೆಹಣ್ಣು ತಿನ್ನುತ್ತಿದ್ದಳು. ರಾಣಿಗೆ ಗಬ್ಬವೆಂದು ಅಕ್ಕಯ್ಯಮ್ಮನವರೇ ಬೇಡವೆಂದಿದ್ದರು. ಹೀಗೆ ಎರಡೂ ತಪ್ಪಿಸಿಕೊಂಡಿದ್ದವು.

ಕಪಿಲೆಯನ್ನು ಎಲ್ಲಿ ಕಟ್ಟುವುದು? ಮುಂದಿನ ಬೀದಿಯಲ್ಲಿ ಕಟ್ಟಿದರೆ ಊರ ದನಗಳೆಲ್ಲ ಮೂಸುತ್ತವೆ. ಅಕ್ಕಯ್ಯಮ್ಮ ಒಮ್ಮೆ ಹಿತ್ತಲ ಗೋಡೆ ಕಡೆ ನೋಡಿದರು, ಒಮ್ಮೆ ರೇವಣಸಿದ್ದನ ಮುಖ ನೋಡಿದರು. ಅವರು ಕೇಳಲಿಲ್ಲ. ಅವನೇ ಹೋಗಿ ಹಾಸಿಗೆ ಸುತ್ತಿ, ಪೆಟ್ಟಿಗೆ, ಸ್ಟೌ, ಟವೆಲ್ಲುಗಳ ರಾಶಿ ಎಲ್ಲವನ್ನೂ ಹೊರಗಿನ ಜಗಲಿಗೆ ಸಾಗಿಸಿದ. ಕಪಿಲೆ ಅಭ್ಯಾಸಬಲದಿಂದ ಹೊಸಿಲ ಬಳಿ ಒಂದು ಕ್ಷಣ ನಿಂತಳು. ಆರತಿ ಬರಲಿಲ್ಲ. ಬಲಗಾಲಿಟ್ಟು ಒಳಗೆ ನಡೆದು, ಅವನು ತಲೆಯಿಟ್ಟು ಮಲಗುತ್ತಿದ್ದ ಜಾಗ ನೋಡಿಕೊಂಡು ಸಗಣಿ ಹಾಕಿದಳು.

ಮರುದಿನ ಪಶು ಆಸ್ಪತ್ರೆಯ ಡಾಕ್ಟರ್ ಸೀತಾ ಬಂದರು. ರಾಣಿಯನ್ನು ಮೊದಲು ನೋಡಿ, ಆಮೇಲೆ ಹಿಂದಿನ ಬೀದಿಗೆ ಬಂದರು. ಕಪಿಲೆಗೆ ಆಗಲೇ ಮೈ ಕಾದಿತ್ತು.

"ದೂರ ಕಟ್ಟಿದ್ದು ಒಳ್ಳೇದಾಯ್ತು. ಆದ್ರೆ ಹಸು ದೂರ ಇದ್ರೆ ಸಾಲ್ದು, ಮನುಷ್ಯರೂ ದೂರ ಇರ್ಬೇಕು. ಇದನ್ನ ಮುಟ್ಟಿದವರು ಅದರ ಹತ್ರ ಹೋಗ್ಬಾರ್ದು. ಕೈ, ಕಾಲು, ಬಟ್ಟೆ, ಬಕೆಟ್ಟು, ಎಲ್ಲದರಲ್ಲೂ ರೋಗ ಹೋಗುತ್ತೆ. ಯಾರು ಯಾವುದನ್ನ ನೋಡ್ಕೋತೀರ?"

"ಕಪಿಲೇನ ನಾನೇ..." ಎಂದ ಅಕ್ಕಯ್ಯಮ್ಮ ಅರ್ಧಕ್ಕೇ ನಿಂತರು. ಎಳೆಗರುವಾಗಿದ್ದಾಗಿನಿಂದ ಸಾಕಿದ ಹಸು. ಆಮೇಲೆ ರೇವಣಸಿದ್ದನ ಕಡೆ ತಿರುಗಿ, "ರಾಣಿ ಕರು ಹಾಕಿಸೋಕೆ ಬರುತ್ತೇನೋ ನಿಂಗೆ?" ಎಂದರು.

"ಕಪಾಟಿಗೆ ಬಣ್ಣ ಹಚ್ಚೂದು ಬರ್ತೈತ್ರಿ."

"ಹಂಗಾದ್ರೆ ಕಪಿಲೆ ನಿಂಗೆ." ಅಕ್ಕಯ್ಯಮ್ಮ ಕಪಿಲೆಯ ಕಡೆ ನೋಡದೆ ಒಳಗೆ ಹೋದರು.

ಅಲ್ಲಿಂದ ಹಿತ್ತಲ ಗೋಡೆ ಎರಡು ದೇಶಗಳ ಗಡಿಯಾಯಿತು. ಅವನ ಮುದ್ದೆ, ಸಾರು ಗೋಡೆಯ ಮೇಲೆ ಬಂದು ಕೂರುತ್ತಿದ್ದವು. ತಟ್ಟೆ ವಾಪಸ್ಸು ಹೋಗುವಂತಿರಲಿಲ್ಲವಾದ್ದರಿಂದ ಮುತ್ತುಗದ ಎಲೆ. ಹಾಲು ಕೊಳ್ಳುತ್ತಿದ್ದ ಮನೆಗಳಿಗೆ ಅಕ್ಕಯ್ಯಮ್ಮ ವಿಷಯ ಮುಚ್ಚಿಡದೆ ಹೇಳಿದರು. ನಾಗರಬಾವಿಯಲ್ಲಿ ತಮ್ಮನ ಮನೆಗೆ ಹಸು ಕೊಟ್ಟವನಿಗೂ, ರೋಗ ಹಂಚಬೇಡ, ಮನೆಯಲ್ಲಿ ಕಟ್ಟಪ್ಪ ಎಂದು ಹೇಳಿಕಳಿಸಿದರು.

ವಾರದ ಮಧ್ಯಕ್ಕೆ ಕಪಿಲೆಯ ನಾಲಿಗೆಯ ಮೇಲೆ ಬೊಬ್ಬೆ ಎದ್ದು ಒಡೆದವು. ಗೊರಸಿನ ಸಂದಿ ಹುಣ್ಣಾಯಿತು. ಕೆಲಸಕ್ಕೆ ಹೋಗುವ ಮುಂಚೆ, ಬಂದ ಮೇಲೆ ರೇವಣಸಿದ್ದ ಡಾಕ್ಟರು ಕೊಟ್ಟ ನೇರಳೆ ಬಣ್ಣದ ಔಷಧಿ ನೀರಿನಲ್ಲಿ ಬಾಯಿ, ಗೊರಸು ತೊಳೆದು ಮುಲಾಮು ಹಚ್ಚುತ್ತಿದ್ದ. ಅವನ ಕೈಯೂ ನೇರಳೆಯಾಯಿತು. ಚಿಕುನ್‌ಗುನ್ಯಾದ ನೋವು ಅವನ ಮಂಡಿಯನ್ನು ಇನ್ನೂ ಬಿಟ್ಟಿರಲಿಲ್ಲ. ರೂಮಿನೊಳಗೆ ಇಬ್ಬರು ಕುಂಟರು, ಇಬ್ಬರ ನಡಿಗೆಯೂ ಒಂದೇ.

ವರ್ಕ್‌ಶಾಪಿನಲ್ಲಿ ಜೊತೆಗಾರ ವೀರೇಶನಿಗೆ ಹಬ್ಬ. "ಏನ್ ಗುರು, ರೂಮ್‌ಮೇಟ್ ಹೆಂಗಿದಾರೆ? ಬಾಡಿಗೇಲಿ ಅರ್ಧ ಕೊಡ್ತಾರಾ?"

"ಗೊರಕೆ ಹೊಡಿಯಲ್ಲ ಮಗಾ, ನಿನ್ಗಿಂತ ವಾಸಿ" ಎಂದ ರೇವಣಸಿದ್ದ. ಆದರೆ ದೂರ ನಿಂತೇ ಎಂದ. ವೀರೇಶನ ಮನೆ ಪಕ್ಕ ಎಮ್ಮೆಗಳಿದ್ದವು.

ನಗು ಅಲ್ಲಿಗೇ ನಿಂತಿತು. ಸಂಜೆ ರೂಮಿಗೆ ಬಂದರೆ ಕಪಿಲೆ ಗಂಜಿ ಮುಟ್ಟಿರಲಿಲ್ಲ. ಬೆಳಗಿನದೂ ಹಾಗೇ ಇತ್ತು. ಬೆಲ್ಲ ಹಾಕಿದ, ಬಾಳೆಹಣ್ಣು ಕಿವುಚಿದ, ಬೇಡಿಕೊಂಡ, ಬೈದ. ಅವಳು ಮುಖ ಆಚೆ ಮಾಡಿಕೊಂಡಳು.

"ಅವ್ವಾ!" ಎಂದು ಗೋಡೆಯಾಚೆಗೆ ಕೂಗಿದ. "ಏನೂ ತಿನ್ನವಲ್ಲದವ್ವಾ! ಹಿಂಗಾದ್ರ ಸತ್ತ ಹೋಗ್ತೈತಿ!"

ಆಚೆ ಕಡೆ ಬಕೆಟ್ಟು ಕೆಳಗಿಟ್ಟ ಸದ್ದಾಯಿತು. ಅಕ್ಕಯ್ಯಮ್ಮ ಗೋಡೆಗೆ ಒರಗಿ ಕೂತರೆಂದು ಸೆರಗಿನ ಸದ್ದಿನಿಂದ ಗೊತ್ತಾಯಿತು.

"ಕಪಿಲೀ..." ಎಂದರು. "ಏನೇ ನಿನ್ ಬಡಿವಾರ? ಮಹಾರಾಣಿಗೆ ನಾನೇ ಬಂದು ಬಾಯಿಗಿಡ್ಬೇಕಾ? ಆ ಹುಡುಗ ರೂಮ್ ಕೊಟ್ಟು ಬೀದೀಲಿ ಮಲಗವ್ನೆ, ನಿಂಗೆ ಅದ್ರ ಬೆಲೆ ಇಲ್ವಾ? ನಾನು ಬರೋ ಹಂಗಿಲ್ಲ ಕಣೇ. ಬರೋ ಹಂಗಿದ್ರೆ ಬರ್ದೆ ಇರ್ತಿದ್ನಾ? ತಿನ್ನು, ನಮ್ಮವ್ವಾ, ತಿನ್ನು..."

ಬೈಗುಳ ಎಲ್ಲಿ ಮುಗಿದು ಮುದ್ದು ಎಲ್ಲಿ ಶುರುವಾಯಿತೋ ರೇವಣಸಿದ್ದನಿಗೆ ತಿಳಿಯಲಿಲ್ಲ. ಕಪಿಲೆಯ ಕಿವಿ ಗೋಡೆಯ ಕಡೆ ತಿರುಗಿದವು. ಅವಳು ಒಂದು ಸಲ ಸಣ್ಣಗೆ ಅಂಬಾ ಎಂದಳು. ಆಮೇಲೆ, ಯಾರಿಗೋ ಉಪಕಾರ ಮಾಡುವವಳಂತೆ, ಗಂಜಿಗೆ ಮೂತಿ ಇಟ್ಟಳು. ಒಂದೊಂದು ಗುಟುಕಿಗೂ ನೋವಿನಿಂದ ತಲೆ ಕೊಡವುತ್ತಿದ್ದಳು. ಗೋಡೆಯಾಚೆ ಮಾತು ನಿಂತರೆ ಇವಳೂ ನಿಲ್ಲಿಸುತ್ತಿದ್ದಳು. ಹಾಗಾಗಿ ಅಕ್ಕಯ್ಯಮ್ಮ ಮದುವೆಯಾಗಿ ಬಂದ ಕಥೆ, ಮಾರಿಹೋದ ಹೊಲದ ಕಥೆ, ಹಳೇ ಬಾಡಿಗೆದಾರರ ಗುಣಾವಗುಣ ಎಲ್ಲ ಹೇಳಿದರು. ಗಂಜಿಯ ಬಾನಿ ಖಾಲಿಯಾಯಿತು. ಅಂದಿನಿಂದ ದಿನಾ ಇದೇ ಕ್ರಮವಾಯಿತು, ಹಸುವಿಗೆ ಹೇಳಿದ ಕಥೆಗಳಿಂದ ರೇವಣಸಿದ್ದನಿಗೆ ಅಕ್ಕಯ್ಯಮ್ಮನವರ ಇಡೀ ಬದುಕು ಗೊತ್ತಾಯಿತು. ತನ್ನ ಬಗ್ಗೆಯೂ ಒಂದು ಗೊತ್ತಾಯಿತು: "ಒಳ್ಳೇ ಹುಡುಗ ಕಣೇ, ಸ್ವಲ್ಪ ಪೆದ್ದ."

ಆ ಭಾನುವಾರಕ್ಕೆ ಕಪಿಲೆಯನ್ನು ಗೊತ್ತುಮಾಡಿದ್ದ ಲಕ್ಷ್ಮೀಪತಿ ಎಂಬವರು ಸ್ಕೂಟರಿನಲ್ಲಿ ಬಂದರು. ಬರಬೇಡಿ ಎಂದು ಹೇಳಿಕಳಿಸಿದ್ದರೂ ಬಂದರು. ಅಕ್ಕಯ್ಯಮ್ಮ ಬಾಗಿಲಲ್ಲೇ ಅಡ್ಡ ನಿಂತರು. ಗೋಡೆಯಾಚೆ ರೇವಣಸಿದ್ದನಿಗೆ ಎಲ್ಲ ಕೇಳುತ್ತಿತ್ತು.

"ಐದೇ ನಿಮಿಷದ ಕೆಲ್ಸ ಅಮ್ಮಾ. ಬಾಯಿ ಒರೆಸಿ ಕರ್ಕೊಂಡು ಬಂದ್ರೆ ಯಾರಿಗೆ ಗೊತ್ತಾಗುತ್ತೆ? ನಮ್ಮನೆಯವರು ಕಪಿಲೇನೇ ಬೇಕು ಅಂತಿದಾರೆ."

"ಹಸುವಿಗೆ ಗೊತ್ತಾಗಲ್ವಾ ಸಾರ್? ನಡೆಯೋಕಾಗ್ದೆ ನಿಂತದೆ ಅದು. ದಾರೀಲಿ ಜೊಲ್ಲು ಬಿದ್ದ ಕಡೆಯೆಲ್ಲ ಇನ್ನೊಬ್ಬರ ಹಸು ಮೂಸ್ತದೆ. ನಿಮ್ಮನೆ ಶುಭಕ್ಕೆ ನಾಕು ಜನದ ಕೊಟ್ಟಿಗೆ ಹಾಳಾಗ್ಬೇಕಾ?"

"ಮತ್ತೆ ನಾನೇನ್ ಮಾಡ್ಲಿ?"

"ವಿಗ್ರಹದ ಹಸು-ಕರು ಇಟ್ಟು ಪೂಜೆ ಮಾಡಿ. ಪುರೋಹಿತರು ಒಪ್ತಾರೆ. ಸಗಣಿ ಬಾಚೋ ಕೆಲ್ಸಾನೂ ಇರಲ್ಲ."

ಸ್ಕೂಟರು ಸಿಟ್ಟಿನಿಂದಲೇ ಸ್ಟಾರ್ಟ್ ಆಯಿತು. ಗೃಹಪ್ರವೇಶದ ಊಟ ಕೈತಪ್ಪಿದ್ದಕ್ಕೆ ರೇವಣಸಿದ್ದನಿಗೆ ಮೊಟ್ಟಮೊದಲ ಬಾರಿ ಬೇಸರವಾಗಲಿಲ್ಲ. ಅವನಿಗೇ ಆಶ್ಚರ್ಯವಾಯಿತು, ಹೊಟ್ಟೆ ಮುಟ್ಟಿ ನೋಡಿಕೊಂಡ.

ಕಪಿಲೆಯ ಬಾಯಿ ಮಾಯತೊಡಗಿತು. ಮೆತ್ತಗಿನ ಹುಲ್ಲು ಕಚ್ಚಿದಳು, ಆಮೇಲೊಂದು ದಿನ ಅವನ ಹೊಸ ಟವೆಲ್ಲೊಂದನ್ನೂ ಅಗಿದಳು. ಡಾಕ್ಟರ್ ಸೀತಾ ಅದನ್ನು ಒಳ್ಳೆಯ ಲಕ್ಷಣವೆಂದರು. ಆದರೆ ರಾಣಿಯ ವಿಷಯ ಇನ್ನೂ ತೂಗುಯ್ಯಾಲೆಯಲ್ಲಿತ್ತು. ಗೋಡೆಯಾಚೆ ಅಕ್ಕಯ್ಯಮ್ಮ ದಿನಾ ರಾಣಿಯ ಬಾಯಿ ತೆರೆದು ನೋಡುವುದು, ಇವನು ಈಚೆ ನಿಂತು ಕಾಯುವುದು, "ಏನಿಲ್ಲ ಕಣೋ, ಚೆನ್ನಾಗವಳೆ" ಎಂಬ ಮಾತು ಕೇಳಿದ ಮೇಲೆ ಬಸ್ಸಿಗೆ ಓಡುವುದು ನಡೆದೇ ಇತ್ತು.

ಒಂದು ಬೆಳಿಗ್ಗೆ ಆ ಮಾತು ಬರಲಿಲ್ಲ. ರಾಣಿಯ ನರಳಾಟ, ಅಕ್ಕಯ್ಯಮ್ಮನವರ ಗದರಿಕೆ ಮಾತ್ರ ಕೇಳುತ್ತಿತ್ತು. ರೇವಣಸಿದ್ದ ಗೋಡೆಗೆ ಕಿವಿಯಿಟ್ಟು ನಿಂತ. ಗೋಡೆ ಹತ್ತಿ ಇಣುಕುವ ಆಸೆಯನ್ನು ನೇರಳೆ ಕೈ ನೋಡಿಕೊಂಡು ಅದುಮಿದ. ಬಸ್ಸು ಹೋಯಿತು, ಮುಂದಿನ ಬಸ್ಸೂ ಹೋಯಿತು.

"ಸಿದ್ದಾ..."

"ಏನಾತವ್ವಾ?"

"ಹೆಣ್ಗರು ಕಣೋ! ಎದ್ದು ನಿಂತ್ಕೋತಾ ಅದೆ! ಬಾಯಿ ಶುದ್ಧವಾಗದೆ, ಕಾಲು ಶುದ್ಧವಾಗದೆ. ಬೀಳ್ತು... ಮತ್ತೆ ಎದ್ತು ನೋಡು!"

ನೋಡಲು ಅವನಿಗೆ ಗೋಡೆಯ ಹೊರತು ಏನೂ ಕಾಣುತ್ತಿರಲಿಲ್ಲ. ಆದರೂ "ಹೂಂ, ನೋಡಿದ್ನಿ" ಎಂದ. ಕಪಿಲೆಯ ಕುತ್ತಿಗೆ ತಬ್ಬಿಕೊಂಡ. ವರ್ಕ್‌ಶಾಪಿನಲ್ಲಿ ಅಂದು ಅರ್ಧ ದಿನದ ಸಂಬಳಕ್ಕೆ ಕತ್ತರಿ ಬಿತ್ತು, ಬಾಯ್ತುಂಬ ಬೈಗುಳವೂ ಬಿತ್ತು. ಹೋಳಿಗೆ ಊಟ ಉಂಡವನಂತೆ ಎರಡನ್ನೂ ಜೀರ್ಣಿಸಿಕೊಂಡ.

ರಾಣಿಯ ಹಾಲು ಇನ್ನೂ ಗಿಣ್ಣಾಗಿರುವ ದಿನಗಳಲ್ಲೇ ಡಾಕ್ಟರ್ ಸೀತಾ ಕಪಿಲೆಯನ್ನು ಮತ್ತೆ ನೋಡಿದರು. ಹುಣ್ಣುಗಳು ಮಾಗಿವೆ, ರೂಮು ಖಾಲಿ ಮಾಡಿ, ಆದರೆ ಎಳೆಗರು ಇರುವ ಕೊಟ್ಟಿಗೆಗೆ ಈಗಲೇ ಬೇಡ ಎಂದರು. ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಕಪಿಲೆಗೆ ಚಪ್ಪರ ಎದ್ದಿತು. ರೇವಣಸಿದ್ದ ರೂಮನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ತಿಕ್ಕಿ ತೊಳೆದು ಸುಣ್ಣ ಬಳಿದ. ಹಳೇ ಬಟ್ಟೆಗಳನ್ನು ನೀರಲ್ಲಿ ಕುದಿಸಿ, ಬಕೆಟ್ಟುಗಳನ್ನು ಅದೇ ಸೋಡಾ ನೀರಲ್ಲಿ ತೊಳೆದು, ಸ್ನಾನ ಮಾಡಿ ಹೊಸ ಅಂಗಿ ಹಾಕಿಕೊಂಡ.

ಸಾಮಾನು ಒಳಗಿಡಲು ಹೊರಟವನನ್ನು ಅಕ್ಕಯ್ಯಮ್ಮ ತಡೆದರು. ಬಹಳ ದಿನಗಳ ಮೇಲೆ ಗೋಡೆಯಿಲ್ಲದೆ ಅವರ ಮುಖ ನೋಡಿದ. ಅವರೂ ಸೊರಗಿದ್ದರು.

"ಸುಮ್ನೆ ನುಗ್ತೀಯಲ್ಲೋ. ಹಸು ಮೊದ್ಲು ಕಾಲಿಟ್ಟು ಹೋಗಿದೆ ಅಂದ್ಮೇಲೆ ಹಾಲು ಉಕ್ಕಿಸ್ಬೇಕು."

"ಅಮ್ಮಾ, ಇದು ಬಾಡಿಗೆ ರೂಮು!"

"ಇರ್ಲಿ. ಊರೋರ ಮನೆಗೆಲ್ಲ ನೀನು ನನ್ ಹಸು ಹಿಡ್ಕೊಂಡು ಹೋದೆ. ನಿಂಗೆ ಯಾರು ಮಾಡ್ತಾರೆ?"

ಆದರೆ ಹಾಲೆಲ್ಲಿ? ಕಪಿಲೆ ಬತ್ತಿದ್ದಳು. ರಾಣಿಯದು ಗಿಣ್ಣುಹಾಲು, ಒಲೆಯ ಮೇಲಿಟ್ಟರೆ ಉಕ್ಕುವ ಬದಲು ಗಟ್ಟಿಯಾಗುತ್ತಿತ್ತು. ಕೊನೆಗೆ ಜೀವಮಾನದಲ್ಲಿ ಪ್ಯಾಕೆಟ್ ಹಾಲನ್ನು ಹೊಸಿಲು ದಾಟಿಸದ ಅಕ್ಕಯ್ಯಮ್ಮ, ಸೆರಗಿನೊಳಗೆ ಬಚ್ಚಿಟ್ಟುಕೊಂಡು ಬೂತಿನಿಂದ ಒಂದು ಪ್ಯಾಕೆಟ್ ತಂದರು. "ಯಾರಿಗೂ ಹೇಳ್ಬೇಡ" ಎಂದರು.

ಹಾಲು ಉಕ್ಕಿ ಸ್ಟೌ ಆರಿಹೋಯಿತು. ಅಕ್ಕಯ್ಯಮ್ಮ ಮುತ್ತುಗದ ಎಲೆಯ ಮೇಲೆ ಗಿಣ್ಣಿನ ದೊಡ್ಡ ತುಂಡು ಇಟ್ಟುಕೊಟ್ಟರು. ಜೊತೆಗೊಂದು ಹೊಸ ಟವೆಲ್ಲು.

ಹೇಳಬೇಕೆಂದು ಅವನು ಬೆಳಗಿನಿಂದ ಜೋಡಿಸಿಕೊಂಡಿದ್ದ ಮಾತು ದೊಡ್ಡದಿತ್ತು. ಗಂಜಿ ಕುಡಿಸಿದ್ದು, ಈ ಊರಲ್ಲಿ ತನ್ನನ್ನು ಒಬ್ಬರಾದರೂ ಬಯ್ಯುವವರು ಸಿಕ್ಕಿದ್ದು, ಎಲ್ಲ ಅದರಲ್ಲಿತ್ತು. "ಅವ್ವಾ, ನಾ ಹೇಳದ ಕೇಳದ..." ಎಂದು ಶುರುಮಾಡಿದ.

"ಬಾಯ್ಮುಚ್ಕೊಂಡು ತಿನ್ನು" ಎಂದರು ಅಕ್ಕಯ್ಯಮ್ಮ.

ಅವನು ತಿಂದ. ಬೀದಿಯ ಕೊನೆಯಿಂದ ಕಪಿಲೆ, ತನ್ನ ಬಾಳೆಹಣ್ಣು ಎಲ್ಲಿ ಎಂಬಂತೆ, ಅಂಬಾ ಎಂದಳು.